ಹೈಬರ್ನೇಟ್‌ಗೆ ಹೋದ ಕಂಪ್ಯೂಟರ್ ಮತ್ತೆ ಏಳದಿದ್ದಾಗ: ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚುವ ಬಗೆ

ರಾತ್ರಿ ಹೈಬರ್ನೇಟ್‌ಗೆ ಹಾಕಿದ ಕಂಪ್ಯೂಟರ್ ಬೆಳಿಗ್ಗೆ ಏಳದಿದ್ದರೆ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ದಾವಣಗೆರೆಯ ನಮ್ಮ ಅಂಗಡಿಗೆ ಈ ದೂರು ತರುವವರಲ್ಲಿ ಬಹಳ ಮಂದಿ ಅದನ್ನು ಮಾಡಿಯೇ ಬಂದಿರುತ್ತಾರೆ. ಕೆಲವರಂತೂ ವಿಂಡೋಸನ್ನೇ ಹೊಸದಾಗಿ ಹಾಕಿಸಿಕೊಂಡು, ಸ್ವಲ್ಪ ದಿನದಲ್ಲೇ ಅದೇ ತೊಂದರೆ ಮತ್ತೆ ಶುರುವಾಯಿತೆಂದು ಬರುತ್ತಾರೆ. ಫಾರ್ಮ್ಯಾಟ್‌ಗೆ ಬಗ್ಗುವ ದೋಷಗಳು ಇದರಲ್ಲಿ ಕಡಿಮೆ. ಹೆಚ್ಚಿನವು ಕರೆಂಟಿನಲ್ಲಿ, ಡಿಸ್ಕಿನಲ್ಲಿ ಇಲ್ಲವೇ, ಉಪಕರಣಗಳನ್ನು ನಡೆಸುವ ತಂತ್ರಾಂಶವಾದ, ಯಾವುದೋ ಒಂದು ಡ್ರೈವರ್‌ನಲ್ಲಿ ಇರುತ್ತವೆ. ಕಂಪ್ಯೂಟರ್ ಎಲ್ಲಿ ನಿಂತಿತು ಎಂದು ಗೊತ್ತಾದರೆ ರಿಪೇರಿ ದೊಡ್ಡದಲ್ಲ.

ಹೈಬರ್ನೇಟ್ ಒತ್ತಿದಾಗ ರ್‍ಯಾಮ್‌ನಲ್ಲಿರುವುದನ್ನೆಲ್ಲ ವಿಂಡೋಸ್ ಸಿ ಡ್ರೈವ್‌ನಲ್ಲಿ ಅಡಗಿರುವ ಒಂದು ಫೈಲಿಗೆ ಬರೆಯುತ್ತದೆ. ಅದರ ಹೆಸರು ಹೈಬರ್‌ಫಿಲ್ ಡಾಟ್ ಸಿಸ್. ಬರೆದು ಮುಗಿದ ಮೇಲೆ ಯಂತ್ರ ಪೂರ್ತಿ ಆರುತ್ತದೆ. ಮತ್ತೆ ಪವರ್ ಒತ್ತಿದಾಗ ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶವಾದ ಬಯೋಸ್ ತನ್ನ ತಪಾಸಣೆ ಮುಗಿಸಿ ವಿಂಡೋಸಿಗೆ ಬಿಟ್ಟುಕೊಡುತ್ತದೆ, ವಿಂಡೋಸ್ ಆ ಫೈಲನ್ನು ಓದಿ ರ್‍ಯಾಮ್‌ಗೆ ತುಂಬುತ್ತದೆ, ಕೊನೆಗೆ ಪ್ರತಿಯೊಂದು ಡ್ರೈವರ್ ತನ್ನ ತನ್ನ ಉಪಕರಣವನ್ನು ಎಬ್ಬಿಸುತ್ತದೆ. ಹಾಗಾಗಿ ಕೆಡುವುದಕ್ಕೆ ಮೂರು ಜಾಗಗಳಿವೆ: ಬರೆಯುವಾಗ, ಓದುವಾಗ, ಡ್ರೈವರ್‌ಗಳು ಏಳುವಾಗ. ಮುಂದೆ ಹೇಳುವುದೆಲ್ಲ ಈ ಮೂರರಲ್ಲಿ ಯಾವುದು ಎಂದು ಹುಡುಕುವ ದಾರಿ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ. ಮತ್ತೆ ಮತ್ತೆ ಬರುವ ‘ಪವರ್‌ಸಿಎಫ್‌ಜಿ’ ಅಂದರೆ ಪವರ್ ಪದದ ಬಾಲಕ್ಕೆ ಸಿ, ಎಫ್, ಜಿ ಅಂಟಿಸಿದ್ದು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಇವುಗಳಲ್ಲಿ ಕೆಲವು ನಡೆಯುವುದಿಲ್ಲ.

ಮೊದಲು ದೀಪ ನೋಡಿ

ಪವರ್ ದೀಪ ಮಿಣುಕುತ್ತಿದ್ದರೆ ಅದು ಹೈಬರ್ನೇಟ್ ಆಗಿಲ್ಲ, ಸ್ಲೀಪ್‌ನಲ್ಲಿದೆ. ಸ್ಲೀಪ್‌ನಲ್ಲಿ ರ್‍ಯಾಮ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಆಗ ಪ್ಲಗ್ ಕಿತ್ತರೆ ಸೇವ್ ಮಾಡದ ಕೆಲಸ ಹೋಗಬಹುದು. ಮೊದಲು ಕೀಬೋರ್ಡ್ ಒತ್ತಿ, ಆಮೇಲೆ ಪವರ್ ಬಟನ್ ಒಮ್ಮೆ ಮೆಲ್ಲಗೆ ಒತ್ತಿ ಬಿಡಿ.

ದೀಪ ಪೂರ್ತಿ ಆರಿದ್ದು ಪವರ್ ಒತ್ತಿದರೂ ಫ್ಯಾನ್ ತಿರುಗದಿದ್ದರೆ ವಿಂಡೋಸಿನ ತನಕ ಹೋಗುವುದೇ ಬೇಡ. ಚಾರ್ಜರ್ ಅಥವಾ ಪ್ಲಗ್ ತೆಗೆಯಿರಿ, ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಬಟನ್ ಒತ್ತಿ ಹಿಡಿಯಬೇಡಿ ಎಂದು ಮೇಲೆ ಹೇಳಿದ್ದು ಓಡುತ್ತಿರುವ ಯಂತ್ರಕ್ಕೆ. ಪೂರ್ತಿ ಆರಿರುವ ಯಂತ್ರದಲ್ಲಿ ನಿಮ್ಮ ಕೆಲಸವೆಲ್ಲ ಡಿಸ್ಕಿನ ಮೇಲಿದೆ, ಕರೆಂಟ್ ತೆಗೆದರೂ ಅಳಿಯುವುದಿಲ್ಲ. ನಂತರ ಚಾರ್ಜರ್ ಒಂದನ್ನೇ ಹಾಕಿ ಆನ್ ಮಾಡಿ ನೋಡಿ.

ಆನ್ ಆಗಿ, ಬೂಟ್ ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಪೆನ್‌ಡ್ರೈವ್ ಸಿಕ್ಕಿಸಿಟ್ಟಿದ್ದೀರಾ ಎಂದು ನೋಡಿ. ಬಯೋಸ್ ಆ ಪೆನ್‌ಡ್ರೈವ್‌ನಿಂದ ಏಳಲು ಹೋಗಿ ಸೋತು ನಿಂತಿರಬಹುದು. ಪ್ರತಿ ಸಲ ಗಡಿಯಾರವೂ ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಬಿಲ್ಲೆ ಬ್ಯಾಟರಿ ಬದಲಿಸಿ. 3 ವೋಲ್ಟಿನ ಆ ಬಿಲ್ಲೆ ಸತ್ತಾಗ ಬಯೋಸ್ ತನ್ನ ಸೆಟ್ಟಿಂಗ್ ಮರೆತು ಬೂಟ್ ಸರದಿಯನ್ನೂ ತಪ್ಪಿಸುತ್ತದೆ.

ಬರೆಯುವಾಗಲೇ ಕೆಟ್ಟಿದ್ದು: ನಮ್ಮ ಕಡೆ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚು ಇದೇ

ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಿಂದ ಬರುವ ಫೋನು ಸಾಮಾನ್ಯವಾಗಿ ಹೀಗಿರುತ್ತದೆ: “ಸರ್, ಸಂಜಿ ಕರೆಂಟ್ ಹೋತು. ಯುಪಿಎಸ್ ಕೂಗ್ತಾ ಇತ್ತು, ಅದೇ ಹೈಬರ್ನೇಟ್ ಆಗ್ತೈತೆ ಅಂತ ಬೀಗ ಹಾಕ್ಕೊಂಡು ಹೋದೆ. ಬೆಳಿಗ್ಗೆ ನೋಡಿದ್ರೆ ಹೊಸದಾಗಿ ಆನ್ ಆಗೈತೆ, ಬರೆದಿದ್ದ ಎಂಟ್ರಿ ಒಂದೂ ಇಲ್ಲ.” ಇಲ್ಲಿ ಏಳುವುದರಲ್ಲಿ ತೊಂದರೆಯೇ ಇಲ್ಲ. ಫೈಲ್ ಬರೆದು ಮುಗಿಯುವ ಮೊದಲೇ ಯುಪಿಎಸ್ ಕೈಕೊಟ್ಟಿದೆ. ಅರ್ಧ ಬರೆದ ಫೈಲಿನಿಂದ ವಿಂಡೋಸ್ ಏನನ್ನೂ ಎಬ್ಬಿಸಲಾರದು, ಆದ್ದರಿಂದ ಅದನ್ನು ಬಿಟ್ಟು ಹೊಸದಾಗಿ ಏಳುತ್ತದೆ.

ಲೆಕ್ಕ ಹಾಕಿ ನೋಡಿ. 8 ಜಿಬಿ ರ್‍ಯಾಮ್‌ನಲ್ಲಿ 5 ಜಿಬಿ ಬಳಕೆಯಲ್ಲಿದೆ ಎನ್ನಿ. ಹಳೆಯ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 80ರಿಂದ 100 ಎಂಬಿ ಬರೆದರೆ 5 ಜಿಬಿಗೆ ಸುಮಾರು ಒಂದು ನಿಮಿಷ ಬೇಕು. ವಿಂಡೋಸ್ ಅದನ್ನು ಒತ್ತಿ ಚಿಕ್ಕದು ಮಾಡಿ ಬರೆಯುವುದರಿಂದ ಸ್ವಲ್ಪ ಬೇಗ ಮುಗಿಯಬಹುದು. ಡಿಸ್ಕ್ ಸೋತಿದ್ದರೆ ಇನ್ನೂ ತಡವಾಗಬಹುದು. ಮೇಜಿನ ಕೆಳಗಿನ 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಸೀಸದ ಬ್ಯಾಟರಿ. ಎರಡು ಮೂರು ವರ್ಷ ದಾಟಿ, ನಮ್ಮ ಬೇಸಿಗೆಯ ಧಗೆಯನ್ನೂ ತಿಂದ ಮೇಲೆ ಅದು ಅರ್ಧ ನಿಮಿಷ ನಿಂತರೆ ಹೆಚ್ಚು.

ಪರೀಕ್ಷೆ ಸುಲಭ. ಎಲ್ಲ ಕೆಲಸ ಸೇವ್ ಮಾಡಿ ಮುಚ್ಚಿ. ಯುಪಿಎಸ್‌ಗೆ ಹೋಗುವ ಗೋಡೆಯ ಸ್ವಿಚ್ ಆರಿಸಿ, ಮೊಬೈಲಿನಲ್ಲಿ ಸಮಯ ನೋಡುತ್ತಾ ನಿಲ್ಲಿ. ಪ್ಲಗ್ ಮಾತ್ರ ಕೀಳಬೇಡಿ, ಕಿತ್ತರೆ ಅರ್ಥಿಂಗೂ ತಪ್ಪುತ್ತದೆ. ಮೂರು ನಿಮಿಷವಾದರೂ ಯಂತ್ರ ಓಡದಿದ್ದರೆ ದೋಷ ಬ್ಯಾಟರಿಯಲ್ಲಿದೆ, ವಿಂಡೋಸಿನ ಸೆಟ್ಟಿಂಗ್ ತಿರುವಿ ಪ್ರಯೋಜನವಿಲ್ಲ. “ಮೀಟರ್ ಇಟ್ಟು ನೋಡ್ದೆ ಸರ್, 12 ವೋಲ್ಟ್ ಮೇಲೇ ತೋರಿಸ್ತೈತೆ” ಎನ್ನುವವರಿದ್ದಾರೆ. ಹೊರೆ ಇಲ್ಲದಾಗ ಸತ್ತ ಬ್ಯಾಟರಿಯೂ 12.6 ತೋರಿಸಬಹುದು. ಹೊರೆ ಬಿದ್ದ ಕ್ಷಣ 10.5ಕ್ಕಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿದಿದೆ. ಈ ಅಳತೆಯನ್ನು ಬ್ಯಾಟರಿ ಅಂಗಡಿಯವರಿಂದ ಮಾಡಿಸಿ. ಗೋಡೆಯ ಕರೆಂಟ್ ಇಲ್ಲದಿದ್ದರೂ ಯುಪಿಎಸ್‌ನ ಒಳಗೆ ಶಾಕ್ ಹೊಡೆಯುವ ವೋಲ್ಟೇಜ್ ಇರುತ್ತದೆ, ನೀವೇ ಬಿಚ್ಚಬೇಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಯುಪಿಎಸ್ ಕೂಗಿದ ಮಾತ್ರಕ್ಕೆ ಕಂಪ್ಯೂಟರ್‌ಗೆ ಕರೆಂಟ್ ಹೋದದ್ದು ಗೊತ್ತಾಗುವುದಿಲ್ಲ. ಯುಪಿಎಸ್‌ನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹೋಗಿರಬೇಕು, ಆಗಲೇ ಪವರ್ ಆಪ್ಷನ್ಸ್‌ನಲ್ಲಿ ಬ್ಯಾಟರಿಯ ವಿಭಾಗ ಕಾಣಿಸುತ್ತದೆ. ಕಡಿಮೆ ಬೆಲೆಯ ಅನೇಕ ಯುಪಿಎಸ್‌ಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಅಂಥ ಯುಪಿಎಸ್ ಇದ್ದರೆ ಕರೆಂಟ್ ಹೋದ ಕೂಡಲೇ ನೀವೇ ಸೇವ್ ಮಾಡಿ ಶಟ್‌ಡೌನ್ ಮಾಡುವುದೇ ಸರಿ. ಕೇಬಲ್ ಇದ್ದರೆ ಕ್ರಿಟಿಕಲ್ ಬ್ಯಾಟರಿ ಮಟ್ಟವನ್ನು ಹೆಚ್ಚಿಸಿ, ಆ ಮಟ್ಟ ಮುಟ್ಟಿದಾಗ ಹೈಬರ್ನೇಟ್ ಆಗಲಿ ಎಂದು ಇಡಿ. ಬರೆಯಲು ಸಮಯ ಸಿಗುತ್ತದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಬರೆಯುವ ಸಮಯ ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಹಣ ಖರ್ಚು ಮಾಡುವುದಾದರೆ ನನ್ನ ಸಲಹೆ ಮೊದಲು ಬ್ಯಾಟರಿ, ಆಮೇಲೆ ಎಸ್‌ಎಸ್‌ಡಿ.

ಕರೆಂಟ್ ಸರಿಯಿದ್ದೂ ಹೈಬರ್ನೇಟ್ ಒತ್ತಿದ ಕೂಡಲೇ ಮತ್ತೆ ಡೆಸ್ಕ್‌ಟಾಪಿಗೇ ಬಂದು ನಿಂತರೆ ಫೈಲಿನಲ್ಲಿ ಜಾಗ ಸಾಲದಿರಬಹುದು. ವಿಂಡೋಸ್ 10ರಲ್ಲಿ ಈ ಫೈಲಿನ ಗಾತ್ರ ಸಾಮಾನ್ಯವಾಗಿ ರ್‍ಯಾಮ್‌ನ 40 ಶೇಕಡ. ‘ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎಚ್, ಸ್ಲ್ಯಾಶ್ ಸೈಜ್, 100’ ಎಂದು ಕೊಟ್ಟರೆ ರ್‍ಯಾಮ್‌ನಷ್ಟೇ ದೊಡ್ಡದಾಗುತ್ತದೆ. ಸಿ ಡ್ರೈವ್‌ನಲ್ಲಿ ಅಷ್ಟು ಜಾಗ ಇರಬೇಕು. ಹೈಬರ್ನೇಟ್ ಮೆನುವಿನಲ್ಲೇ ಇಲ್ಲದಿದ್ದರೆ ‘ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎ’ ಕೊಡಿ. ಯಾವ ನಿದ್ರಾಸ್ಥಿತಿಗಳು ಲಭ್ಯ, ಯಾವುದು ಯಾಕೆ ಇಲ್ಲ ಎಂದು ಅದೇ ಹೇಳುತ್ತದೆ.

ಓದುವಾಗ ನಿಂತದ್ದು

ಲೋಗೋ ಬಂದು, ‘ರೆಸ್ಯೂಮಿಂಗ್’ ಎಂದು ತೋರಿಸಿ ಅಲ್ಲೇ ನಿಂತಿದೆ. ಈಗ ಕ್ಯಾಬಿನೆಟ್‌ನ ಡಿಸ್ಕ್ ದೀಪ ನೋಡಿ. ಅದು ಮಿಂಚುತ್ತಿದ್ದರೆ ಓದುವುದು ನಡೆದಿದೆ, ಹತ್ತು ನಿಮಿಷವಾದರೂ ಕಾಯಿರಿ. ನಡುವೆ ಆರಿಸಿದರೆ ಮುಂದಿನ ಸಲ ವಿಂಡೋಸ್ ಆ ಫೈಲನ್ನು ಕೈಬಿಟ್ಟು ಹೊಸದಾಗಿ ಏಳುವ ಸಂಭವವೇ ಹೆಚ್ಚು. ಸೇವ್ ಆಗದ ಕೆಲಸ ಅಲ್ಲಿಗೆ ಮುಗಿಯಿತು. ದೀಪ ಸ್ಥಿರವಾಗಿ ಉರಿಯುತ್ತಾ ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕಾದು ಫಲವಿಲ್ಲ.

ಡಿಸ್ಕಿನ ಮೇಲೆ ಅನುಮಾನ ಬಂದರೆ ಯಂತ್ರ ಎದ್ದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ, ತೆಗೆಯಿರಿ. ಬದಲಾಯಿಸಿದ ಸೆಕ್ಟರ್ ಮತ್ತು ಬಾಕಿ ಇರುವ ಸೆಕ್ಟರ್ ಎಂಬ ಎರಡು ಸಾಲುಗಳ ‘ರಾ ವ್ಯಾಲ್ಯೂ’ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಮೊದಲು ಬ್ಯಾಕಪ್ ತೆಗೆಯಿರಿ. ಚೆಕ್‌ಡಿಸ್ಕ್ ಓಡಿಸುವುದು ಅದಾದ ಮೇಲೆ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಪೂರ್ತಿ ಓದಿಸಿದರೆ ಉಳಿದಿದ್ದೂ ಹೋಗಬಹುದು. ಅಂಗಡಿಯ ಲೆಕ್ಕ, ಮಗಳ ಮದುವೆಯ ಫೋಟೋ ಏನೇ ಇರಲಿ, ಮೊದಲು ಅವನ್ನು ಈಚೆ ತೆಗೆದುಕೊಳ್ಳಿ.

ಡಿಸ್ಕ್ ಚೆನ್ನಾಗಿದ್ದರೆ ರ್‍ಯಾಮ್ ನೋಡಬೇಕು. ಯಾರ್ಡಿನ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಜೋಳದ ಹೊಟ್ಟಿನ ಧೂಳು ಹಳದಿಯಾಗಿ ಕೂತಿರುತ್ತದೆ. ಪ್ಲಗ್ ತೆಗೆದು, ರ್‍ಯಾಮ್ ಪಟ್ಟಿ ಬಿಚ್ಚಿ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಕಿವಿಗಳು ಕ್ಲಿಕ್ ಎನ್ನುವ ತನಕ ಒತ್ತಿ ಕೂರಿಸಿ. ನಂತರ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಇದನ್ನೆಲ್ಲ ಯಂತ್ರ ಹೈಬರ್ನೇಟ್‌ನಲ್ಲಿರುವಾಗ ಮಾಡಬೇಡಿ. ಆ ಸ್ಥಿತಿಯಲ್ಲಿ ರ್‍ಯಾಮ್ ಹೆಚ್ಚಿಸಿದರೆ ಅಥವಾ ಬದಲಿಸಿದರೆ, ಹಳೆಯ ರ್‍ಯಾಮ್‌ನ ಲೆಕ್ಕದಲ್ಲಿ ಬರೆದ ಫೈಲು ಹೊಸದಕ್ಕೆ ಹೊಂದುವುದಿಲ್ಲ. ಮೊದಲು ಪೂರ್ತಿ ಶಟ್‌ಡೌನ್ ಆಗಬೇಕು: ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಆಗುತ್ತದೆ.

ಎಲ್ಲ ಓಡುತ್ತಿದೆ, ಪರದೆ ಮಾತ್ರ ಕಪ್ಪು

ಫ್ಯಾನ್ ತಿರುಗುತ್ತದೆ, ಡಿಸ್ಕ್ ದೀಪ ಸುಮ್ಮನಾಗಿದೆ, ಪರದೆಯಲ್ಲಿ ಏನೂ ಇಲ್ಲ. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಎದ್ದಿದೆ, ನಿಮ್ಮ ಕೆಲಸವೂ ಒಳಗೆ ಹಾಗೇ ಇದೆ ಎಂದು ಧೈರ್ಯ ಮಾಡಬಹುದು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ, ಬೀಪ್ ಸದ್ದು ಬಂದು ಪರದೆ ಮರಳಬಹುದು.

ಸ್ಮಾರ್ಟ್ ಕ್ಲಾಸ್ ಇರುವ ಶಾಲೆಗಳಿಂದ ಲ್ಯಾಪ್‌ಟಾಪ್ ತರುವ ಮೇಷ್ಟ್ರುಗಳಿಗೆ ನಾನು ಮೊದಲು ಕೇಳುವುದು “ಸರ್, ನಿನ್ನೆ ಟಿವಿಗೆ ಹಾಕಿದ್ರಾ?” ಎಂದು. ಚಿತ್ರ ಎರಡನೇ ಪರದೆಗೆ ಮಾತ್ರ ಹೋಗಲಿ ಎಂದು ಇಟ್ಟು, ಹಾಗೇ ಹೈಬರ್ನೇಟ್ ಮಾಡಿ, ಕೇಬಲ್ ಕಿತ್ತು ಮನೆಗೆ ಒಯ್ದರೆ ಕೆಲವು ಯಂತ್ರಗಳು ಎದ್ದ ಮೇಲೂ ಇಲ್ಲದ ಟಿವಿಗೇ ಚಿತ್ರ ಕಳಿಸುತ್ತಿರುತ್ತವೆ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಬಾಣದ ಕೀ ಒಮ್ಮೆ, ಎಂಟರ್ ಒಮ್ಮೆ, ಸ್ವಲ್ಪ ಕಾಯಿರಿ. ಬರದಿದ್ದರೆ ಮತ್ತೆ ಹಾಗೇ ಮಾಡಿ. ಕೆಟ್ಟಿತು ಎಂದು ತಂದ ಲ್ಯಾಪ್‌ಟಾಪ್ ಕೌಂಟರ್ ಮೇಲೆ ಇಟ್ಟ ಜಾಗದಲ್ಲೇ ಸರಿಯಾಗುವುದು ಹೀಗೆ.

ಕ್ಯಾಪ್ಸ್ ಲಾಕ್ ದೀಪವೂ ಮಿಸುಕದಿದ್ದರೆ ಯಾವುದೋ ಡ್ರೈವರ್ ತನ್ನ ಉಪಕರಣವನ್ನು ಎಬ್ಬಿಸಲಾಗದೆ ಎಲ್ಲವನ್ನೂ ಹಿಡಿದು ನಿಲ್ಲಿಸಿದೆ. ಇಲ್ಲಿ ಪವರ್ ಬಟನ್ ಒತ್ತಿ ಹಿಡಿದು ಆರಿಸದೆ ಗತ್ಯಂತರವಿಲ್ಲ. ಮುಂದಿನ ಸಲಕ್ಕೆ ಹೊರಗಿನ ಉಪಕರಣಗಳನ್ನೆಲ್ಲ ತೆಗೆದು ಹೈಬರ್ನೇಟ್ ಮಾಡಿ ನೋಡಿ: ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ವೈಫೈ ಡಾಂಗಲ್. ಆಗ ಸರಿಯಾಗಿ ಎದ್ದರೆ ಒಂದೊಂದನ್ನೇ ಹಾಕುತ್ತಾ ಹೋಗಿ. ಆಡಿಟರ್ ಕಚೇರಿಗಳಲ್ಲಿ ಟೋಕನ್ ಸಿಕ್ಕಿಸಿಟ್ಟೇ ಹೋಗುವ ರೂಢಿ ಇದೆ. ಭದ್ರತೆಯ ದೃಷ್ಟಿಯಿಂದಲೂ ಅದನ್ನು ಕಿತ್ತಿಡುವುದು ಒಳ್ಳೆಯದು.

ಒಳಗಿನ ಡ್ರೈವರ್‌ಗಳಾದರೆ ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ದಾಖಲೆ ನೋಡಿ. ಕರ್ನಲ್‌ ಪವರ್ 41 ಎಂಬ ಸಾಲು ಕಂಡ ಕೂಡಲೇ ‘ಪವರ್ ಸಪ್ಲೈ ಹೋಗಿದೆ’ ಎಂದು ತೀರ್ಮಾನಿಸುವವರಿದ್ದಾರೆ. ಯಂತ್ರ ಸರಿಯಾಗಿ ಮುಚ್ಚದೆ ಮತ್ತೆ ಎದ್ದಿತು ಎಂದಷ್ಟೇ ಅದರ ಅರ್ಥ. ಆ ಸಾಲಿನ ವಿವರದೊಳಗೆ ಬಗ್‌ಚೆಕ್ ಕೋಡ್ ಎಂದಿರುತ್ತದೆ, ಓದಬೇಕಾದದ್ದು ಅದು. ಅಲ್ಲಿ 0 ಇದ್ದರೆ ಕರೆಂಟ್ ಹೋಗಿರಬೇಕು ಅಥವಾ ಯಂತ್ರ ಪೂರ್ತಿ ಹೆಪ್ಪುಗಟ್ಟಿರಬೇಕು. 159 ಇದ್ದರೆ ಡ್ರೈವರ್ ತನ್ನ ಪವರ್ ಸ್ಥಿತಿ ಬದಲಿಸಲಾಗದೆ ಸೋತಿದೆ. ನೀಲಿ ಪರದೆಯಲ್ಲಿ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್ ಎಂದು ಕಾಣುವುದು ಇದೇ. ಗ್ರಾಫಿಕ್ಸ್, ವೈಫೈ, ಸ್ಟೋರೇಜ್ ಈ ಮೂರರ ಡ್ರೈವರ್‌ಗಳನ್ನು ನಿಮ್ಮ ಮಾದರಿಗೆ ಎಂದೇ ಲ್ಯಾಪ್‌ಟಾಪ್ ತಯಾರಕರು ಕೊಟ್ಟ ಪುಟದಿಂದ ಇಳಿಸಿ ಹಾಕಿ. ತೊಂದರೆ ಒಂದು ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಮಾಡಿ. ಡ್ರೈವರ್‌ಗಳನ್ನು ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಉಚಿತ ತಂತ್ರಾಂಶಗಳ ಸಹವಾಸ ಬೇಡ.

ಬಯೋಸ್ ಅಪ್‌ಡೇಟ್‌ನಿಂದಲೂ ಇದು ಸರಿಹೋಗುವುದುಂಟು. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನು ಮೊದಲು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಂಡು, ಚಾರ್ಜರ್ ಹಾಕಿಯೇ ಮಾಡಿ.

ಹೈಬರ್ನೇಟ್ ಬಳಸದವರಿಗೂ ಇದೇ ತೊಂದರೆ

“ನಾನು ಹೈಬರ್ನೇಟ್ ಮಾಡಂಗೇ ಇಲ್ಲ, ಶಟ್‌ಡೌನೇ ಮಾಡ್ತೀನಿ, ಆದ್ರೂ ಬೆಳಿಗ್ಗೆ ಏಳಲ್ಲ” ಎನ್ನುವವರು ಒಂದು ಪರೀಕ್ಷೆ ಮಾಡಿ. ರೀಸ್ಟಾರ್ಟ್ ಕೊಟ್ಟರೆ ಸಲೀಸಾಗಿ ಎದ್ದು, ಶಟ್‌ಡೌನ್ ಮಾಡಿ ಆನ್ ಮಾಡಿದರೆ ಮಾತ್ರ ನಿಲ್ಲುತ್ತದೆಯೇ? ಹಾಗಿದ್ದರೆ ಅನುಮಾನ ಫಾಸ್ಟ್ ಸ್ಟಾರ್ಟಪ್ ಮೇಲೆ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಈ ಸೌಲಭ್ಯ ಶಟ್‌ಡೌನ್ ಮಾಡಿದಾಗ ವಿಂಡೋಸಿನ ತಿರುಳಾದ ಕರ್ನಲ್ ಭಾಗವನ್ನು ಅದೇ ಹೈಬರ್ನೇಟ್ ಫೈಲಿಗೆ ಬರೆದಿಡುತ್ತದೆ. ರೀಸ್ಟಾರ್ಟ್‌ನಲ್ಲಿ ಆ ಫೈಲಿನ ಗೊಡವೆ ಇಲ್ಲ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅದಿಲ್ಲದೆ ಆಗುವ ನಷ್ಟ ಕೆಲವು ಸೆಕೆಂಡು.

ಫೈಲನ್ನೇ ಹೊಸದಾಗಿ ಮಾಡುವುದು

ಫೈಲೇ ಕೆಟ್ಟಿರಬಹುದು ಎನಿಸಿದರೆ, ಯಂತ್ರ ಎದ್ದಿರುವಾಗ ‘ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎಚ್, ಆಫ್’ ಕೊಡಿ. ಫೈಲು ಅಳಿಯುತ್ತದೆ. ರೀಸ್ಟಾರ್ಟ್ ಮಾಡಿ, ಅದೇ ಕಮಾಂಡ್ ಕೊನೆಯಲ್ಲಿ ‘ಆನ್’ ಹಾಕಿ ಕೊಡಿ.

ಯಂತ್ರ ಏಳುವುದೇ ಇಲ್ಲ, ಪ್ರತಿ ಸಲ ರೆಸ್ಯೂಮ್ ಆಗಲು ಹೋಗಿ ಸಾಯುತ್ತಿದೆ ಎಂದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಿಪೇರಿ ಆಯ್ಕೆಯೊಳಗಿನ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ. ಅಲ್ಲಿ ನಿಮ್ಮ ಸಿ ಡ್ರೈವ್‌ಗೆ ಡಿ ಅಥವಾ ಇ ಎಂಬ ಅಕ್ಷರ ಬಂದಿರಬಹುದು, ‘ಡಿಐಆರ್’ ಕೊಟ್ಟು ವಿಂಡೋಸ್ ಫೋಲ್ಡರ್ ಇರುವ ಡ್ರೈವ್ ಯಾವುದೆಂದು ಖಚಿತ ಮಾಡಿಕೊಳ್ಳಿ. ‘ಆಟ್ರಿಬ್’ ಕಮಾಂಡಿನಲ್ಲಿ ಮೈನಸ್ ಎಸ್, ಮೈನಸ್ ಎಚ್ ಕೊಟ್ಟು ಹೈಬರ್‌ಫಿಲ್ ಫೈಲಿನ ಅಡಗು ಗುಣ ತೆಗೆದು, ನಂತರ ‘ಡೆಲ್’ ಕೊಟ್ಟು ಅಳಿಸಿ. ಹೈಬರ್ನೇಟ್ ಆದಾಗ ತೆರೆದಿದ್ದ, ಸೇವ್ ಆಗದ ಕೆಲಸ ಇದರೊಂದಿಗೆ ಹೋಗುತ್ತದೆ. ಆ ಕೆಲಸ ಮುಖ್ಯವಾಗಿದ್ದರೆ ಮೇಲಿನ ದಾರಿಗಳನ್ನೆಲ್ಲ ನೋಡಿ ಮುಗಿಸದೆ ಇಲ್ಲಿಗೆ ಬರಬೇಡಿ. ಡಿಸ್ಕಿನಲ್ಲಿ ಸೇವ್ ಆಗಿದ್ದ ಬೇರೆ ಫೈಲುಗಳಿಗೆ ಏನೂ ಆಗುವುದಿಲ್ಲ.

ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗಳಿಗೆ

ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಮೊದಲ ಎಚ್ಚರಿಕೆ: ವಿಂಡೋಸ್ ಹೈಬರ್ನೇಟ್‌ನಲ್ಲಿರುವಾಗ ಉಬುಂಟುವಿನಿಂದ ವಿಂಡೋಸ್ ಪಾರ್ಟಿಷನ್‌ಗೆ ಏನನ್ನೂ ಬರೆಯಬೇಡಿ. ಆ ಪಾರ್ಟಿಷನ್ ತೆರೆಯಲು, ಅಂದರೆ ಮೌಂಟ್ ಮಾಡಲು, ಉಬುಂಟು ಒಪ್ಪದಿದ್ದರೆ ಅದು ನಿಮ್ಮ ಡೇಟಾ ಕಾಯುತ್ತಿದೆ, ಒತ್ತಾಯ ಮಾಡಬೇಡಿ. ವಿಂಡೋಸಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.

ಉಬುಂಟುವೇ ಹೈಬರ್ನೇಟ್‌ನಿಂದ ಏಳದೆ ಪ್ರತಿ ಸಲ ಹೊಸದಾಗಿ ಬೂಟ್ ಆಗುತ್ತಿದ್ದರೆ, ಮೆಮೊರಿಯ ನೆರವಿಗೆ ಲಿನಕ್ಸ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಜಾಗವಾದ ಸ್ವಾಪ್ ನೋಡಿ. ರ್‍ಯಾಮ್‌ನ ಚಿತ್ರ ಅಲ್ಲಿ ಹಿಡಿಸುವಷ್ಟು ಜಾಗ ಬೇಕು, ಮತ್ತು ಆ ಸ್ವಾಪ್ ಎಲ್ಲಿದೆ ಎಂದು ಕರ್ನಲ್‌ಗೆ ‘ರೆಸ್ಯೂಮ್’ ಎಂಬ ಬೂಟ್ ಆಯ್ಕೆಯಲ್ಲಿ ತಿಳಿಸಿರಬೇಕು. ಸ್ವಾಪ್ ಪಾರ್ಟಿಷನ್ ಮತ್ತೆ ಫಾರ್ಮ್ಯಾಟ್ ಮಾಡಿದರೆ ಅದರ ಗುರುತಿನ ಸಂಖ್ಯೆಯಾದ ಯುಯುಐಡಿ ಬದಲಾಗುತ್ತದೆ, ಕರ್ನಲ್ ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಸ್ವಾಪ್ ಪಾರ್ಟಿಷನ್ ಬದಲು ಸ್ವಾಪ್ ಫೈಲ್ ಇದ್ದರೆ ‘ರೆಸ್ಯೂಮ್ ಆಫ್‌ಸೆಟ್’ ಕೂಡ ಕೊಡಬೇಕು. ಬದಲಿಸಿದ ಮೇಲೆ, ಬೂಟ್ ಆಗುವಾಗ ಕೆಲಸಕ್ಕೆ ಬರುವ ಇನಿಟ್‌ರ್‍ಯಾಮ್‌ಎಫ್‌ಎಸ್ ಮತ್ತು ಗ್ರಬ್ ಎರಡನ್ನೂ ಅಪ್‌ಡೇಟ್ ಮಾಡಿ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗ್ ಆನ್ ಇದ್ದರೆ ಕರ್ನಲ್ ಹೈಬರ್ನೇಟ್ ಅನ್ನೇ ತಡೆಯಬಹುದು, ಅದನ್ನು ನೋಡದೆ ಸ್ವಾಪ್ ತಿದ್ದುತ್ತಾ ಕೂರಬೇಡಿ.

ಸರಿಯಾಯಿತೇ ಎಂದು ನೋಡುವುದು

ಏನೇ ರಿಪೇರಿ ಮಾಡಿದರೂ ನೋಟ್‌ಪ್ಯಾಡ್‌ನಲ್ಲಿ ಒಂದು ಸಾಲು ಬರೆದು, ಸೇವ್ ಮಾಡದೆ ಹೈಬರ್ನೇಟ್ ಮಾಡಿ. ದೀಪಗಳೆಲ್ಲ ಆರಿ ಫ್ಯಾನ್ ನಿಂತ ಮೇಲೆ ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಆ ಸಾಲು ಹಾಗೇ ಇದ್ದರೆ ಮೂರು ಹಂತವೂ ಸರಿಯಾಗಿವೆ. ಎರಡನೇ ಪರೀಕ್ಷೆಯನ್ನು ನೀವು ದಿನವೂ ತೆರೆಯುವ ತಂತ್ರಾಂಶಗಳನ್ನೆಲ್ಲ ತೆರೆದು, ಅವುಗಳಲ್ಲಿನ ಕೆಲಸ ಸೇವ್ ಮಾಡಿಟ್ಟುಕೊಂಡು, ಪ್ರಿಂಟರ್ ಹಾಕಿಯೇ ಮಾಡಿ. ಖಾಲಿ ಯಂತ್ರ ಎದ್ದು ತುಂಬಿದ ಯಂತ್ರ ಏಳದಿದ್ದರೆ ಫೈಲಿನ ಗಾತ್ರ, ಆಮೇಲೆ ಪ್ರಿಂಟರ್ ಡ್ರೈವರ್, ಆ ಸರದಿಯಲ್ಲಿ ಮತ್ತೆ ನೋಡಿ.